ಹೆರಿಗೆಯ ನಂತರ ಬೇರ್ಪಟ್ಟ ಹೊಟ್ಟೆಯ ಸ್ನಾಯು: ಗುರುತಿಸುವುದು, ಬಲಪಡಿಸುವುದು

ಹೆರಿಗೆಯಾಗಿ ನಾಲ್ಕೈದು ತಿಂಗಳು ಕಳೆದರೂ ಹೊಟ್ಟೆ ಇಳಿಯದಿದ್ದರೆ ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, ಬಾಣಂತನದಲ್ಲಿ ಹೊಟ್ಟೆಯನ್ನು ಬಿಗಿಯಾಗಿ ಕಟ್ಟಲಿಲ್ಲ ಎಂಬುದು. ಅನೇಕ ತಾಯಂದಿರಲ್ಲಿ ಕಾರಣ ಕಟ್ಟಿನದ್ದೂ ಅಲ್ಲ, ಕೊಬ್ಬಿನದ್ದೂ ಅಲ್ಲ. ಎದೆಗೂಡಿನ ಕೆಳಭಾಗದಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ ಹೊಟ್ಟೆಯ ಎಡಬಲಗಳಲ್ಲಿ ಇಳಿಯುವ ಎರಡು ಸ್ನಾಯುಪಟ್ಟಿಗಳನ್ನು ಮಧ್ಯದಲ್ಲಿ ಲಿನಿಯಾ ಆಲ್ಬಾ ಎಂಬ ಬಿಳಿಯ ನಾರಿನ ಪಟ್ಟಿಯೊಂದು ಬೆಸೆದಿರುತ್ತದೆ. ಬಸಿರಿನಲ್ಲಿ ಹೊಕ್ಕುಳಿನ ನೇರಕ್ಕೆ ಚರ್ಮದ ಮೇಲೆ ಕಪ್ಪು ಗೆರೆ ಮೂಡುತ್ತದಲ್ಲ, ಹೆಚ್ಚುಕಡಿಮೆ ಅದೇ ನೇರದಲ್ಲಿ, ಒಳಗೆ ಇರುವುದು ಈ ಪಟ್ಟಿ. ಮಗು ಬೆಳೆದಂತೆ ಅದು ಹಿಗ್ಗಿ ತೆಳುವಾಗುತ್ತದೆ, ಸ್ನಾಯುಗಳು ಪಕ್ಕಕ್ಕೆ ಸರಿಯುತ್ತವೆ. ವೈದ್ಯರು ಇದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. 'ಸ್ನಾಯು ಹರಿದಿದೆ' ಎಂದು ಹೆದರುವವರಿದ್ದಾರೆ. ಇಲ್ಲಿ ಯಾವುದೂ ಹರಿದಿರುವುದಿಲ್ಲ, ಹಿಗ್ಗಿರುತ್ತದೆ ಅಷ್ಟೆ.

ಇದು ಅಪರೂಪದ ತೊಂದರೆಯೂ ಅಲ್ಲ. ನಾರ್ವೆಯಲ್ಲಿ 300 ಚೊಚ್ಚಲ ತಾಯಂದಿರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ ಆರು ವಾರಕ್ಕೆ ಶೇ. 60ರಷ್ಟು ಮಂದಿಯಲ್ಲಿ ಈ ಅಂತರ ಕಂಡುಬಂದಿತ್ತು. ಒಂದು ವರ್ಷದ ಹೊತ್ತಿಗೆ ಅದು ಸುಮಾರು ಶೇ. 33ಕ್ಕೆ ಇಳಿದಿತ್ತು. ಅಂತರವಿದ್ದವರಲ್ಲಿ ಸೊಂಟನೋವು ಇತರರಿಗಿಂತ ಹೆಚ್ಚೇನೂ ಇರಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಗುರುತಿಸಿತು. ಆದ್ದರಿಂದ ಕಾಣಿಸಿದ ಪ್ರತಿಯೊಂದು ನೋವಿಗೂ ಈ ಅಂತರವನ್ನೇ ದೂರುವುದು ಸರಿಯಲ್ಲ.

ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಲು ಆರು ವಾರ ಕಳೆದ ಮೇಲೆ ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ಪಾದಗಳನ್ನು ನೆಲಕ್ಕೆ ಊರಿ. ಒಂದು ಕೈಯ ಬೆರಳುಗಳನ್ನು ಹೊಕ್ಕುಳಿನ ಮೇಲೆ ಅಡ್ಡಲಾಗಿ ಇರಿಸಿ, ಉಸಿರು ಬಿಡುತ್ತಾ ತಲೆ ಮತ್ತು ಹೆಗಲನ್ನು ಮಾತ್ರ ಸ್ವಲ್ಪ ಎತ್ತಿ. ಎರಡೂ ಬದಿಯ ಸ್ನಾಯುಗಳ ಅಂಚು ಗಟ್ಟಿಯಾಗಿ ಬೆರಳಿಗೆ ತಾಗುತ್ತದೆ. ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಎಂಬುದನ್ನು ಗಮನಿಸಿ. ಹೊಕ್ಕುಳಿನಿಂದ ಮೂರ್ನಾಲ್ಕು ಬೆರಳು ಮೇಲೆ ಮತ್ತು ಅಷ್ಟೇ ಕೆಳಗೆ ಮತ್ತೊಮ್ಮೆ ನೋಡಿ. ಎರಡು ಬೆರಳಿಗಿಂತ ಹೆಚ್ಚು ಅಂತರವಿದ್ದರೆ ಸಾಮಾನ್ಯವಾಗಿ ಅದನ್ನು ಬೇರ್ಪಡುವಿಕೆ ಎಂದು ಪರಿಗಣಿಸುತ್ತಾರೆ. ಆದರೆ ನನ್ನ ದೃಷ್ಟಿಯಲ್ಲಿ ಅಗಲಕ್ಕಿಂತ ಮುಖ್ಯವಾದುದು ಆಳ. ಬೆರಳು ಮೆತ್ತನೆಯ ಹಿಟ್ಟಿನೊಳಗೆ ಇಳಿದಂತೆ ಕೆಳಗಿಳಿದರೆ ನಡುವಿನ ಪಟ್ಟಿಗೆ ಇನ್ನೂ ಬಿಗಿ ಬಂದಿಲ್ಲವೆಂದು ಅರ್ಥ. ಅಂತರ ಎರಡೂವರೆ ಬೆರಳಿದ್ದರೂ ತಳ ಗಟ್ಟಿಯಾಗಿ ಎದುರೊತ್ತಿದರೆ ಹೊಟ್ಟೆ ತನ್ನ ಕೆಲಸವನ್ನು ಮಾಡುತ್ತಿದೆ.

ಗಮನಿಸಬೇಕಾದ ಇನ್ನೊಂದು ಲಕ್ಷಣವೆಂದರೆ ಏಳುವಾಗ, ಕೆಮ್ಮುವಾಗ ಅಥವಾ ವ್ಯಾಯಾಮ ಮಾಡುವಾಗ ಹೊಟ್ಟೆಯ ನಡುವೆ ಹೆಂಚಿನ ಮಾಡಿನ ನೆತ್ತಿಯಂತೆ ಉದ್ದಕ್ಕೆ ಏಳುವ ದಿಂಡು. ಆ ಕ್ಷಣದಲ್ಲಿ ಮಾಡುತ್ತಿರುವ ಕೆಲಸ ಸದ್ಯಕ್ಕೆ ನಿಮ್ಮ ಹೊಟ್ಟೆಗೆ ಮೀರಿದ್ದು ಎಂಬುದನ್ನು ಅದು ತೋರಿಸಿಕೊಡುತ್ತದೆ.

ದಿನಕ್ಕೆ ಹತ್ತು ನಿಮಿಷದ ವ್ಯಾಯಾಮಕ್ಕಿಂತ ಉಳಿದ ಹೊತ್ತಿನಲ್ಲಿ ದೇಹವನ್ನು ಹೇಗೆ ಬಳಸುತ್ತೇವೆ ಎಂಬುದೇ ಇಲ್ಲಿ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಹಾಸಿಗೆಯಿಂದ ನೇರವಾಗಿ ಎದ್ದು ಕೂರಬಾರದು. ಮಂಡಿ ಮಡಚಿ, ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಕೆಳಗಿಳಿಸುತ್ತಾ ಕೈ ಊರಿ ಏಳಬೇಕು. ರಾತ್ರಿ ಹಾಲೂಡಿಸಲು ನಾಲ್ಕೈದು ಬಾರಿ ಏಳುವ ತಾಯಿಗೆ ಈ ಒಂದು ಅಭ್ಯಾಸವೇ ದೊಡ್ಡ ಆಸರೆ. ಕೆಮ್ಮು ಅಥವಾ ಸೀನು ಬಂದಾಗ ಅಂಗೈಗಳಿಂದ ಇಲ್ಲವೇ ದಿಂಬಿನಿಂದ ಹೊಟ್ಟೆಯನ್ನು ಒತ್ತಿ ಹಿಡಿಯಿರಿ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ನೆನೆದ ಬಟ್ಟೆಯ ಬಕೆಟ್ಟುಗಳನ್ನು ಮೊದಲ ಕೆಲವು ತಿಂಗಳು ಬೇರೆಯವರಿಗೆ ಬಿಡಿ. ಮಗುವನ್ನು ಎತ್ತುವುದು ಅನಿವಾರ್ಯವಾದ್ದರಿಂದ, ಮೈಗೆ ಹತ್ತಿರವಿಟ್ಟುಕೊಂಡು, ಎತ್ತುವ ಕ್ಷಣದಲ್ಲಿ ಉಸಿರು ಬಿಗಿಹಿಡಿಯದೆ ಹೊರಗೆ ಬಿಡುತ್ತಾ ಎತ್ತಿ.

ನಮ್ಮ ಬಾಣಂತನದ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದುದೂ ಇದೆ, ಬಿಡಬೇಕಾದುದೂ ಇದೆ. ವಿಶ್ರಾಂತಿ ಮತ್ತು ಭಾರದ ಕೆಲಸದಿಂದ ಸಿಗುವ ಬಿಡುವು ಈ ಸ್ನಾಯುಗಳಿಗೆ ನಿಜವಾಗಿಯೂ ಬೇಕು. ಆದರೆ ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಪ್ಪು ತರಕಾರಿ ಹಣ್ಣುಗಳನ್ನು ದೂರವಿಡುವುದು ಮಲಬದ್ಧತೆಗೆ ದಾರಿಯಾಗುತ್ತದೆ; ಮುಕ್ಕಿರಿದಾಗಲೆಲ್ಲ ಹೊಟ್ಟೆಯ ಒತ್ತಡವೆಲ್ಲ ತೆಳುವಾದ ಆ ನಡುಪಟ್ಟಿಯ ಮೇಲೂ, ಈಗಷ್ಟೇ ಹೆರಿಗೆಯ ಭಾರ ಹೊತ್ತ ಶ್ರೋಣಿಯ ತಳದ ಸ್ನಾಯುಗಳ (ಮೂತ್ರಕೋಶ, ಗರ್ಭಕೋಶಗಳಿಗೆ ಕೆಳಗಿನಿಂದ ಆಸರೆ ಕೊಡುವ ಸ್ನಾಯುಗಳು) ಮೇಲೂ ಬೀಳುತ್ತದೆ. ಹಿರಿಯರ ಮನಸ್ಸು ನೋಯಿಸದೆಯೇ ಈ ವಿಷಯದಲ್ಲಿ ಪಟ್ಟು ಹಿಡಿಯಬಹುದು. ಹತ್ತಿಯ ಸೀರೆಯಿಂದ ಹೊಟ್ಟೆ ಕಟ್ಟುವುದಾಗಲಿ, ಅಂಗಡಿಯ ಬೆಲ್ಟಾಗಲಿ ಆರಂಭದ ವಾರಗಳಲ್ಲಿ ಆಸರೆಯ ಭಾವ ಕೊಡುತ್ತದೆ, ನಡೆದಾಡಲು ಧೈರ್ಯವಾಗುತ್ತದೆ. ಅದು ತಾನಾಗಿಯೇ ಸ್ನಾಯುಗಳನ್ನು ಕೂಡಿಸುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಮುಖವಾಗಿ ಸರಿದು, ಮೂತ್ರ ಸೋರುವ ತೊಂದರೆ ಇದ್ದವರಿಗೆ ಕಷ್ಟ ಹೆಚ್ಚಬಹುದು.

ವ್ಯಾಯಾಮದ ಆರಂಭ ಉಸಿರಿನಿಂದ. ಅಂಗಾತ ಮಲಗಿ ಮಂಡಿ ಮಡಚಿ, ಪಕ್ಕೆಲುಬು ಹಿಗ್ಗುವಂತೆ ಉಸಿರು ಎಳೆದುಕೊಳ್ಳಿ. ನಿಧಾನವಾಗಿ ಬಿಡುತ್ತಾ, ಮೂತ್ರವನ್ನು ತಡೆಹಿಡಿಯುವಾಗ ಮಾಡುವಂತೆ ಕೆಳಗಿನ ಸ್ನಾಯುಗಳನ್ನು ಮೇಲೆಳೆದು, ಹೊಕ್ಕುಳಿನ ಕೆಳಭಾಗವನ್ನು ಮೆಲ್ಲಗೆ ಬೆನ್ನಿನ ಕಡೆಗೆ ಸೆಳೆಯಿರಿ. ಐದು ಎಣಿಸಿ ಪೂರ್ತಿ ಸಡಿಲಿಸಿ. ದಿನಕ್ಕೆ ಎರಡು ಹೊತ್ತು, ಎಂಟು ಹತ್ತು ಬಾರಿ ಸಾಕು. ಸಹಜ ಹೆರಿಗೆಯಾದವರು ನೋವಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಇದನ್ನು ಆರಂಭಿಸಬಹುದು. ಸಿಸೇರಿಯನ್ ಆದವರು ಹೊಲಿಗೆಯ ಸ್ಥಿತಿ ನೋಡಿದ ವೈದ್ಯರನ್ನು ಕೇಳಿ ಆರಂಭಿಸಬೇಕು. ಇದು ರೂಢಿಯಾದ ಮೇಲೆ, ಅದೇ ಬಿಗಿಯನ್ನು ಉಳಿಸಿಕೊಂಡು ಒಂದೊಂದೇ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ನೀಡುವುದು, ಮತ್ತೆ ಕೆಲವು ವಾರಗಳ ನಂತರ ಪಾದ ಊರಿ ಸೊಂಟವನ್ನು ಮೇಲೆತ್ತುವುದು. ದಿಂಡು ಎದ್ದರೆ ಹಿಂದಿನ ಹಂತಕ್ಕೆ ಮರಳಿ.

ಬೇಗ ಹೊಟ್ಟೆ ಕರಗಲಿ ಎಂಬ ಆತುರದಲ್ಲಿ ಸಿಟ್-ಅಪ್, ಪ್ಲ್ಯಾಂಕ್, ನೌಕಾಸನ, ಎರಡೂ ಕಾಲೆತ್ತುವ ಉತ್ತಾನಪಾದಾಸನ, ಕಪಾಲಭಾತಿಗಳಿಗೆ ನೇರವಾಗಿ ಹೋಗಬೇಡಿ. ಇವು ಶಾಶ್ವತವಾಗಿ ನಿಷಿದ್ಧವಲ್ಲ. ದಿಂಡು ಏಳದಂತೆ ಮಾಡುವ ಬಲ ಬಂದ ಮೇಲೆ ಒಂದೊಂದಾಗಿ ಸೇರಿಸಿಕೊಳ್ಳಬಹುದು. ನಡಿಗೆಗೆ ಇಂತಹ ನಿರ್ಬಂಧವೇನೂ ಇಲ್ಲ.

ಮೂರ್ನಾಲ್ಕು ತಿಂಗಳ ಅಭ್ಯಾಸದ ನಂತರವೂ ತಳ ಮೆತ್ತಗೇ ಇದ್ದರೆ, ಕೆಮ್ಮಿದಾಗ ಮೂತ್ರ ಸೋರಿದರೆ ಅಥವಾ ಯೋನಿಯಲ್ಲಿ ಏನೋ ಕೆಳಗೆ ಜಾರಿದಂತೆ ಅನಿಸಿದರೆ, ಮಹಿಳೆಯರ ಆರೋಗ್ಯದಲ್ಲಿ ಅನುಭವವಿರುವ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಾಣಿರಿ. ಹೊಕ್ಕುಳಿನ ಬಳಿ ಗುಂಡಗಿನ ಉಬ್ಬೊಂದು ಪ್ರತ್ಯೇಕವಾಗಿ ಕಂಡರೆ ಅದು ಹರ್ನಿಯಾ ಇರಬಹುದು. ಒತ್ತಿದರೂ ಅದು ಒಳಹೋಗದೆ, ನೋವು ಮತ್ತು ವಾಂತಿ ಜೊತೆಗೂಡಿದರೆ ತಕ್ಷಣವೇ ಆಸ್ಪತ್ರೆಗೆ ಹೋಗಲೇಬೇಕು. ವ್ಯಾಯಾಮದಿಂದ ಫಲ ಸಿಗದ ಕೆಲವರಿಗೆ ಶಸ್ತ್ರಚಿಕಿತ್ಸೆಯ ಮೂಲಕ ನಡುಪಟ್ಟಿಯನ್ನು ಹೊಲಿದು ಬಿಗಿಗೊಳಿಸುವುದುಂಟು, ಆದರೆ ಮುಂದಿನ ಬಸಿರಿನಲ್ಲಿ ಅದು ಮತ್ತೆ ಹಿಗ್ಗಬಹುದಾದ್ದರಿಂದ, ಇನ್ನು ಮಕ್ಕಳು ಬೇಡವೆಂದು ನಿರ್ಧರಿಸಿದ ನಂತರವೇ ಅದರ ಬಗ್ಗೆ ಯೋಚಿಸುವಂತೆ ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಹೇಳುತ್ತಾರೆ.