ಬಾದಾಮಿಯ ಅಕ್ಕ-ತಂಗಿ ಜಲಪಾತ: ದಿನ ನೋಡಿ ಹೊರಡಬೇಡಿ, ಮಳೆ ನೋಡಿ ಹೊರಡಿ

ಬಾದಾಮಿಗೆ ಹೋಗಿ ಬಂದವರಲ್ಲಿ ತುಂಬಾ ಜನ ಅಕ್ಕ-ತಂಗಿಯನ್ನು ನೋಡಿರುವುದಿಲ್ಲ. ತಪ್ಪು ಅವರದಲ್ಲ. ಅಗಸ್ತ್ಯತೀರ್ಥ ಕೆರೆಯ ಆಚೆ, ಭೂತನಾಥ ಗುಡಿಯ ಹತ್ತಿರದ ಕೆಂಪು ಬಂಡೆಯಿಂದ ಜೋಡಿಯಾಗಿ ಬೀಳುವ ಈ ಧಾರೆಗಳು ವರ್ಷದ ಬಹುಪಾಲು ದಿನ ಇರುವುದೇ ಇಲ್ಲ. ಜೋರು ಮಳೆ ಬಂದಾಗ ಹುಟ್ಟುತ್ತವೆ, ಮಳೆ ಹೋದರೆ ಹೋಗುತ್ತವೆ. ಹಾಗಾಗಿ ತಿಂಗಳ ಮುಂಚೆ ರೂಮ್ ಬುಕ್ ಮಾಡಿ ಹೊರಡುವ ರೂಢಿ ಇಲ್ಲಿ ನಡೆಯುವುದಿಲ್ಲ.

ಮೊದಲು ಮಳೆಯ ಲೆಕ್ಕ. ಮುಂಗಾರು ಮೋಡಗಳು ತಮ್ಮ ನೀರನ್ನೆಲ್ಲ ಸಹ್ಯಾದ್ರಿಯಲ್ಲೇ ಸುರಿಸಿ ಈ ಕಡೆ ಬರುತ್ತವೆ. ಜೂನ್, ಜುಲೈನಲ್ಲಿ ಜೋಗ ತುಂಬಿ ಹರಿಯುವಾಗ ಬಾದಾಮಿಯಲ್ಲಿ ಬರೀ ಗಾಳಿ, ಮೋಡ, ಒಂದಿಷ್ಟು ಹನಿ ಎನ್ನುವಂತೆ ಇರುವುದೂ ಉಂಟು. ಇಲ್ಲಿನ ರೈತರು ಕಾಯುವುದು ಹುಬ್ಬೆ, ಉತ್ತರೆ, ಹಸ್ತದ ಮಳೆಗೆ. ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಮೊದಲ ದಿನಗಳು. ನೀವೂ ಅದಕ್ಕೇ ಕಾಯಿರಿ. ಮೊಬೈಲ್‌ನಲ್ಲಿ ಮಳೆ ಮುನ್ಸೂಚನೆ ನೋಡಿ, ಆದರೆ ಅದನ್ನೊಂದನ್ನೇ ನಂಬಬೇಡಿ. ಊರಿನಲ್ಲಿ ಮಳೆಯಾಗಿ ಗುಡ್ಡದ ಮೇಲೆ ಆಗದೇ ಇರಬಹುದು. ಬಾದಾಮಿಯ ಯಾವುದಾದರೂ ಲಾಡ್ಜ್‌ಗೆ ಫೋನ್ ಮಾಡಿ, 'ಅಕ್ಕ-ತಂಗಿ ಬೀಳಾಕತ್ತಾವೇನ್ರೀ?' ಅಂತ ಕೇಳಿಬಿಡಿ. ಅದಕ್ಕಿಂತ ಒಳ್ಳೆಯ ಮುನ್ಸೂಚನೆ ಇಲ್ಲ.

ಹೌದು ಅಂದರೆ ತಡ ಮಾಡಬೇಡಿ. ಗುಡ್ಡದ ನೆತ್ತಿ ಬರೀ ಮರಳುಗಲ್ಲು, ಮಣ್ಣು ಕಡಿಮೆ, ಮರ ಇನ್ನೂ ಕಡಿಮೆ. ನೀರನ್ನು ಹಿಡಿದಿಡಲು ಅಲ್ಲಿ ಏನೂ ಇಲ್ಲದ್ದರಿಂದ, ಹಂಚಿನ ಮೇಲೆ ಬಿದ್ದ ಮಳೆಯಂತೆ ಎಲ್ಲವೂ ಒಮ್ಮೆಲೇ ಅಂಚಿಗೆ ಬಂದು ಧುಮುಕುತ್ತದೆ. ಒಂದೇ ಅಬ್ಬರದ ಮಳೆಯಾದರೆ ಕೆಲವು ಗಂಟೆಯಲ್ಲೇ ಧಾರೆ ಸೊರಗುತ್ತದೆ. ಎರಡು ಮೂರು ದಿನ ಬಿಟ್ಟು ಬಿಟ್ಟು ಸುರಿದಿದ್ದರೆ ಕಲ್ಲಿನ ಸಂದುಗಳಿಂದ ಜಿನುಗುವ ನೀರು ಸೇರಿ ಇನ್ನಷ್ಟು ಹೊತ್ತು ಬಾಳುತ್ತದೆ. ರೈಲಿನಲ್ಲಿ ಬರುವವರು ಗದಗ-ಬಾಗಲಕೋಟೆ ಮಾರ್ಗದಲ್ಲಿ ಬಾದಾಮಿಯಲ್ಲಿ ಇಳಿಯಬೇಕು. ಸ್ಟೇಷನ್ನಿಂದ ಊರು ಸುಮಾರು 5 ಕಿ.ಮೀ., ಆಟೊ ಹಿಡಿಯಿರಿ.

ಕಾಲಿಗೆ ಹಿಡಿತ ಇರುವ ಶೂ ಹಾಕಿ, ಚಪ್ಪಲಿ ಬೇಡವೇ ಬೇಡ. ಛತ್ರಿಗಿಂತ ರೈನ್‌ಕೋಟ್ ಒಳ್ಳೆಯದು, ಎರಡೂ ಕೈ ಖಾಲಿ ಇರಬೇಕಲ್ವಾ. ತಿಂಡಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕೈಯಲ್ಲಿ ಹಿಡಿದು ಹೋಗಬೇಡಿ. ಬಾದಾಮಿಯ ಮಂಗಗಳು ಕಸಿದೇ ಕಸಿಯುತ್ತವೆ.

ಇನ್ನು ದಾರಿ. ಊರೊಳಗಿನ ಓಣಿ ಹಿಡಿದು ಕೆರೆಯ ಉತ್ತರ ದಡದ ಮ್ಯೂಸಿಯಂಗೆ ಬನ್ನಿ. ಅಲ್ಲಿಂದ ನೀರಿನ ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿಗಳ ಕಡೆಗೆ, ಮುಂದೆ ಭೂತನಾಥಕ್ಕೆ ನಡೆಯಿರಿ. ಈ ದಾರಿ ಸುಲಭ, ಮಕ್ಕಳು, ಅಜ್ಜ-ಅಜ್ಜಿಯನ್ನೂ ಕರೆದುಕೊಂಡು ನಿಧಾನಕ್ಕೆ ಹೋಗಬಹುದು. ಹೋಗುತ್ತಾ ಬಂಡೆಯ ಗೋಡೆಯನ್ನು ಗಮನಿಸಿ. ಕೆಂಪು ಕಲ್ಲಿನ ಮೇಲೆ ಮೇಲಿಂದ ಕೆಳಗೆ ಉದ್ದುದ್ದ ಕಪ್ಪು ಪಟ್ಟೆಗಳು ಕಾಣುತ್ತವೆ. ವರ್ಷ ವರ್ಷವೂ ಮಳೆನೀರು ಇಳಿದ ಜಾಗ ಅದು. ಬೇಸಿಗೆಯಲ್ಲಿ ಬಂದವರೂ ಆ ಪಟ್ಟೆ ನೋಡಿ ಎಲ್ಲೆಲ್ಲಿ ನೀರು ಇಳಿಯುತ್ತದೆ ಎಂದು ಊಹಿಸಬಹುದು. ಮಳೆ ಶುರುವಾದಾಗ ಮೊದಲು ಬರುವ ನೀರು ಮಣ್ಣು ಕಲಸಿ ಕೆಂಪಗಿರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಬೆಳ್ಳಗಾಗುತ್ತದೆ. ಆ ಬದಲಾವಣೆಯನ್ನು ನಿಂತು ನೋಡಿ, ಫೋಟೊ ಆಮೇಲೆ ತೆಗೆದರಾಯಿತು.

ಧಾರೆಯ ನೇರ ಕೆಳಗೆ ಮಾತ್ರ ಹೋಗಬೇಡಿ. ನೀರಿನ ಜೊತೆ ಸಣ್ಣ ಕಲ್ಲುಗಳೂ ಬೀಳಬಹುದು. ಕೆರೆಗೆ ಇಳಿಯುವುದೂ ಬೇಡ, ಮೆಟ್ಟಿಲ ಮೇಲೆ ಪಾಚಿ ಕಟ್ಟಿರುತ್ತದೆ.

ಮೇಲಿಂದ ನೋಡುವ ಆಸೆ ಬಹಳ ಜನಕ್ಕೆ. ಧಾರೆ ಹುಟ್ಟುವ ಅಂಚಿಗೆ ಹೋಗಲೇಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಒದ್ದೆ ಮರಳುಗಲ್ಲು ಅಂಚಿನ ಹತ್ತಿರ ಗೊತ್ತಾಗದ ಹಾಗೆ ಇಳಿಜಾರಾಗುತ್ತದೆ, ಜಾರಿದರೆ ಹಿಡಿದುಕೊಳ್ಳಲು ಒಂದು ಗಿಡವೂ ಸಿಗುವುದಿಲ್ಲ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಮಳೆಯಾಗಿ ನೀರು ಥಟ್ಟನೆ ಏರಬಹುದು. ಎತ್ತರದಿಂದಲೇ ನೋಡಬೇಕೆಂದರೆ ಎದುರಿನ ದಕ್ಷಿಣ ಗುಡ್ಡದ ಗುಹೆಗಳಿಗೆ ಹೋಗಿ. ಚಾಲುಕ್ಯ ರಾಜ ಒಂದನೇ ಕೀರ್ತಿವರ್ಮನ ಕಾಲದಲ್ಲಿ, 578ರಲ್ಲಿ, ಅವನ ತಮ್ಮ ಮಂಗಳೇಶ ಮುಗಿಸಿದ ಮೂರನೇ ಗುಹೆಯ ಹತ್ತಿರ ನಿಂತರೆ ಕೆರೆ, ಭೂತನಾಥ, ಆಚೆಯ ಬಂಡೆಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಉತ್ತರದ ಮೇಲಿನ ಶಿವಾಲಯಕ್ಕೆ ಹತ್ತುವವರು ಮಳೆ ಪೂರ್ತಿ ನಿಂತ ಮೇಲೆ ಹತ್ತಿ, ಇಕ್ಕಟ್ಟಾದ ಬಂಡೆ ಸಂದಿನಲ್ಲಿ ಮೆಟ್ಟಿಲುಗಳಿವೆ. ಗುಡುಗು ಕೇಳಿಸಿದರೆ ಅರ್ಧ ಹತ್ತಿದ್ದರೂ ಸರಿ, ಇಳಿದುಬಿಡಿ. ಬೋಳು ಬಂಡೆಯ ಮೇಲೆ ಸಿಡಿಲಿಗೆ ಎತ್ತರದಲ್ಲಿ ಸಿಗುವುದು ನೀವೇ.

ಅಷ್ಟು ದೂರ ಬಂದು ನೋಡಿದರೆ ಬಂಡೆ ಒಣಗಿದೆಯೇ? ಸುಮ್ನೆ ವಾಪಸ್ ಹೊರಡಬೇಡಿ. ಹಿಂಗಾರಿನ ಹೊತ್ತಿನ ಮಳೆ ಜಾಸ್ತಿ ಬರುವುದು ಮಧ್ಯಾಹ್ನದ ಮೇಲೆಯೇ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ಸಂಜೆಯವರೆಗೆ ಮೋಡ ನೋಡಿ. ಮರುದಿನ ಪಟ್ಟದಕಲ್ಲಿಗೆ ಹೋಗುವುದಿದ್ದರೆ ಹತ್ತಿರದ ಹುಲಿಗೆಮ್ಮನಕೊಳ್ಳವನ್ನೂ ಸೇರಿಸಿಕೊಳ್ಳಿ. ಅಲ್ಲೂ ಬಂಡೆಯಡಿಯ ಸಣ್ಣ ಸಣ್ಣ ಗುಡಿಗಳ ಹತ್ತಿರ ಮಳೆಗಾಲದಲ್ಲಿ ನೀರು ಧುಮುಕುತ್ತದೆ.