ಯುಗಾದಿಗೊಮ್ಮೆ ಅಪ್ಪನ ವಿಲ್ ಓದುತ್ತೇವೆ

ಅಪ್ಪ ವಿಲ್ ಬರೆಸಿದ್ದು 2008ರಲ್ಲಿ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯೂ ಆಗಿತ್ತು. ಆಮೇಲೆ ಅದು ಟ್ರಂಕಿನ ತಳ ಸೇರಿತು. ಇನ್ನೇನು ಕೆಲಸ ಮುಗೀತು ಅಂತ ನಾವೆಲ್ಲ ಅಂದುಕೊಂಡಿದ್ದೆವು.

2021ರ ಯುಗಾದಿಯ ಮಾರನೇ ದಿನ ಅಪ್ಪ ಅದನ್ನು ಹೊರಗೆ ತೆಗೆದು, "ಒಂದ್ಸಲ ಗಟ್ಟಿಯಾಗಿ ಓದು ಮಗಾ" ಅಂದರು. ಓದುತ್ತಾ ಹೋದಂತೆ ನನಗೆ ಗಾಬರಿಯಾಯಿತು. ತೆಂಗಿನ ತೋಟದ ಸರ್ವೆ ನಂಬರ್ ಹಳೆಯದು. ನಡುವೆ ಪೋಡಿಯಾಗಿ, ಅಂದರೆ ಜಮೀನು ಅಳೆದು ಬೇರೆ ಬೇರೆ ಮಾಡಿ, ನಮ್ಮ ಭಾಗಕ್ಕೆ ಬೇರೆ ಹಿಸ್ಸಾ ನಂಬರ್, ಬೇರೆ ಪಹಣಿ ಬಂದಿತ್ತು. ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ಎಲ್ಲೆಗಳ ವಿವರದಲ್ಲಿ, ಪೂರ್ವಕ್ಕೆ ಯಾರ ಜಮೀನು ಅಂತ ಬರೆದಿತ್ತೋ, ಅವರು ಮಾರಿಕೊಂಡು ಹೋಗಿ ಎಷ್ಟೋ ವರ್ಷವಾಗಿತ್ತು. ಎಫ್‌ಡಿ ಇದ್ದದ್ದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ. ಆ ಬ್ಯಾಂಕೇ 2017ರಲ್ಲಿ ಎಸ್‌ಬಿಐಗೆ ಸೇರಿಹೋಗಿತ್ತು. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರಿಗೆ ಎಂಬತ್ತು ದಾಟಿತ್ತು. ನಾಳೆ ಕೋರ್ಟಿಗೆ ಹೋಗುವ ಹಾಗಾದರೆ ಬದುಕಿರುವ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು ಅಲ್ವಾ?

ಇವೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ತಾತನಿಂದ ಬಂದ ಜಮೀನನ್ನೂ ಅಪ್ಪ ಪೂರ್ತಿ ನಮ್ಮಿಬ್ಬರು ಗಂಡುಮಕ್ಕಳಿಗೇ ಬರೆದಿದ್ದರು. "ಸ್ವಂತ ದುಡಿಮೆಯದು ನಿಮ್ಮಿಷ್ಟ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗೆ ಬರುವಷ್ಟಕ್ಕೆ ಮಾತ್ರ ವಿಲ್ ಬರೆಯಬಹುದು" ಅಂದರು ವಕೀಲರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ, ಅದರ ಬಗ್ಗೆ 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡನ್ನೂ ಬಿಡಿಸಿ ಹೇಳಿದರು. ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಹಕ್ಕಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮನೆಗೆ ಬಂದವರೇ ತಂಗಿಗೆ ಫೋನ್ ಮಾಡಿಸಿ, "ನಿನ್ನ ಪಾಲು ಬಿಟ್ಟು ಬರೆದುಬಿಟ್ಟಿದ್ದೆ ಕಣಮ್ಮ, ಊರಿಗೆ ಬಾ, ಸರಿಮಾಡೋಣ" ಅಂದರು. ಈ ಮಾತು ಅವರ ಬಾಯಿಂದಲೇ ಬಂತಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ.

ಸಣ್ಣಪುಟ್ಟ ಬದಲಾವಣೆಯಾದರೆ ಒಂದು ತಿದ್ದುಪಡಿ ಪತ್ರ ಸಾಕು. ಅದಕ್ಕೂ ಇಬ್ಬರು ಸಾಕ್ಷಿ ಬೇಕೇ ಬೇಕು. ನಮ್ಮದರಲ್ಲಿ ತಿದ್ದುವುದೇ ಜಾಸ್ತಿ ಇತ್ತು. ಹಾಗಾಗಿ ಹೊಸದನ್ನೇ ಬರೆಸಿ, 2008ರ ವಿಲ್ ರದ್ದು ಅಂತ ಶುರುವಿನಲ್ಲೇ ಹಾಕಿಸಿದೆವು. ನೋಂದಣಿ ಕಡ್ಡಾಯವಲ್ಲ. ಆದರೂ ಹಳೆಯದು ನೋಂದಣಿಯಾಗಿದ್ದರಿಂದ ಇದನ್ನೂ ಮಾಡಿಸಿದೆವು. ಸಾಕ್ಷಿಗೆ ಆಸ್ತಿಯಲ್ಲಿ ಪಾಲಿಲ್ಲದ, ನನಗಿಂತ ಚಿಕ್ಕವರಾದ ಇಬ್ಬರನ್ನು ಕರೆದೆವು.

ಅಂದಿನಿಂದ ಪ್ರತಿ ಯುಗಾದಿಯ ಮಾರನೇ ದಿನ ಪಹಣಿ, ಮನೆಯ ಇ-ಖಾತಾ, ಪಾಸ್‌ಬುಕ್, ಇನ್ಶೂರೆನ್ಸ್ ಎಲ್ಲವನ್ನೂ ಚಾಪೆ ಮೇಲೆ ಹರಡಿಕೊಂಡು ವಿಲ್ ಜತೆ ತಾಳೆ ನೋಡುತ್ತೇವೆ. ಹಾಗೆ ನೋಡುವಾಗಲೇ ನನ್ನ ಪಿಎಫ್‌ಗೆ ಮದುವೆಗೆ ಮುಂಚಿನ ನಾಮಿನಿ ಹೆಸರೇ ಉಳಿದಿದ್ದು ಗೊತ್ತಾಗಿದ್ದು. ಅದೇ ವಾರ ಹೆಂಡತಿ, ಮಗಳ ಹೆಸರು ಹಾಕಿಸಿದೆ.

ಬ್ಯಾಂಕ್ ಖಾತೆಗೆ ನಾಮಿನಿಯಾದವರು ದುಡ್ಡು ಪಡೆಯಬಹುದು, ಆದರೆ ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ. ಅದಕ್ಕೇ ನಾಮಿನಿ ಹೆಸರು, ವಿಲ್‌ನಲ್ಲಿರುವ ಹೆಸರು ಒಂದೇ ಇರುವಂತೆ ನೋಡಿಕೊಳ್ಳುತ್ತೇವೆ. 2025ರ ನವೆಂಬರಿನಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು. ಅಪ್ಪನ ಎಫ್‌ಡಿಗೆ ಅಮ್ಮ ಒಬ್ಬರೇ ಇದ್ದರು. ಈಗ ನಮ್ಮ ಮೂವರ ಹೆಸರೂ ಸೇರಿತು, ವಿಲ್‌ನಲ್ಲಿ ಬರೆದ ಲೆಕ್ಕದಂತೆಯೇ.

ಈ ಸಲ ಕಾಗದಗಳನ್ನು ಮಡಚಿಡುವಾಗ ಅಮ್ಮ ಒಳಗಿಂದ ಅವಲಕ್ಕಿ ಸರ ತಂದು ಚಾಪೆ ಮೇಲಿಟ್ಟರು. "ಇದು ನಮ್ಮಮ್ಮ ಕೊಟ್ಟಿದ್ದು, ಮೊಮ್ಮಗಳಿಗೆ ಹೋಗಬೇಕು. ನನ್ನದೂ ಒಂದು ವಿಲ್ ಬರೀರಪ್ಪ" ಅಂದರು. ಬರುವ ಸೋಮವಾರ ವಕೀಲರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.