ವೇಪ್ ಎಳೆಯುವವರು ಹಲ್ಲು, ವಸಡು ನೋಡಿಕೊಳ್ಳುವುದು ಹೇಗೆ

ವೇಪ್, ಅಂದರೆ ಇ-ಸಿಗರೇಟ್, ಎಳೆಯುವವರ ಬಾಯಲ್ಲಿ ತೊಂದರೆ ಸದ್ದಿಲ್ಲದೆ ಬೆಳೆಯುತ್ತದೆ. ಸಿಗರೇಟ್ ಸೇದುವವರ ಹಾಗೆ ಹಲ್ಲು ಕಪ್ಪಾಗಲ್ಲ, ಬಾಯಿ ಹೊಗೆ ನಾರಲ್ಲ, ಎಷ್ಟೋ ಜನರಿಗೆ ಬ್ರಶ್ ಮಾಡುವಾಗ ರಕ್ತವೂ ಬರಲ್ಲ. ಎಲ್ಲ ಸರಿಯಾಗಿದೆ ಅಂದುಕೊಂಡು ವರ್ಷಗಟ್ಟಲೆ ಡೆಂಟಿಸ್ಟ್ ಕಡೆ ಹೋಗುವುದೇ ಇಲ್ಲ. ದಯವಿಟ್ಟು ಆ ರಕ್ತ ಬರ್ತಿಲ್ಲ ಅನ್ನೋದನ್ನು ನಂಬಬೇಡಿ. ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಒಳಗೆ ಸೋಂಕು ಇದ್ದು, ಹಲ್ಲು ಹಿಡಿದಿರುವ ಮೂಳೆ ಸವೆಯುತ್ತಿದ್ದರೂ ಹೊರಗೆ ರಕ್ತ ಕಾಣಿಸದೇ ಇರಬಹುದು. ಬೇರೆಯವರಿಗೆ ಬೇಗ ಸಿಗುವ ಎಚ್ಚರಿಕೆ ನಿಮಗೆ ಸಿಗುವುದಿಲ್ಲ, ಹಾಗಾಗಿ ನೀವೇ ಹುಡುಕಿ ನೋಡಬೇಕು.

ಬಿಟ್ಟುಬಿಡುವುದೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತೇ ಬಿಡಲು ಆಗದವರ ಬಾಯಲ್ಲೂ ಹಲ್ಲು ಇದೆಯಲ್ವಾ, ಅವರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಬಾಯೊಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ವೇಪ್ ದ್ರವದಲ್ಲಿ ಹೆಚ್ಚಿನ ಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಜೊತೆಗೆ ಫ್ಲೇವರ್, ಸಿಹಿ, ಬಹುತೇಕ ನಿಕೋಟಿನ್. ಪ್ರೊಪಿಲೀನ್ ಗ್ಲೈಕಾಲ್ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಅದಕ್ಕೇ ನಾಲ್ಕು ಸಲ ಎಳೆದ ಮೇಲೆ ಬಾಯಿ, ಗಂಟಲು ಒಣಗುವುದು. ಜೊಲ್ಲು ಕಡಿಮೆಯಾದರೆ ಹಲ್ಲಿಗೆ ಕಾವಲು ಇಲ್ಲದ ಹಾಗೆ. ಆಮ್ಲವನ್ನು ತೊಳೆಯುವುದು, ಸವೆದ ಜಾಗಕ್ಕೆ ಕ್ಯಾಲ್ಸಿಯಂ ತುಂಬುವುದು ಎಲ್ಲ ಜೊಲ್ಲಿನ ಕೆಲಸ. ಬಾಯಿಯ ಪಿಎಚ್ (ಇದು ಇಳಿದಷ್ಟೂ ಆಮ್ಲ ಜಾಸ್ತಿ ಅಂತ ಅರ್ಥ) 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಹೊರಪದರ, ಅಂದರೆ ಎನಾಮಲ್, ಕರಗಲು ಶುರುವಾಗುತ್ತದೆ. ಗ್ಲಿಸರಿನ್ ಅಂಟು, ಹಲ್ಲಿನ ಮೇಲೆ ತೆಳ್ಳಗೆ ಕೂರುತ್ತದೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಿಹಿ ಫ್ಲೇವರ್ ಆವಿ ತಾಗಿದ ಎನಾಮಲ್‌ಗೆ ಹುಳುಕು ತರುವ ಬ್ಯಾಕ್ಟೀರಿಯಾ ಸುಮಾರು ನಾಲ್ಕು ಪಟ್ಟು ಜಾಸ್ತಿ ಅಂಟಿಕೊಂಡಿತ್ತು, ಎನಾಮಲ್‌ನ ಗಟ್ಟಿತನ 27% ಇಳಿದಿತ್ತು. ಅಮೆರಿಕದ ಟಫ್ಟ್ಸ್ ದಂತ ಕಾಲೇಜಿನವರು ತಮ್ಮ ರೋಗಿಗಳ ದಾಖಲೆ ತೆಗೆದು ನೋಡಿದಾಗ, ವೇಪ್ ಎಳೆಯುವವರಲ್ಲಿ 79% ಜನ ಹುಳುಕಿನ ಹೆಚ್ಚು ಅಪಾಯದ ಗುಂಪಿಗೆ ಸೇರಿದ್ದರು, ಎಳೆಯದವರಲ್ಲಿ ಸುಮಾರು 60%. ಅದು 2022ರ ಮಾತು. 'ನಂದು ನಿಕೋಟಿನ್ ಇಲ್ಲದ್ದು' ಅನ್ನುವವರಿಗೂ ಒಣ ಬಾಯಿ, ಸಿಹಿ ಅಂಟು ಎರಡೂ ತಪ್ಪಿದ್ದಲ್ಲ.

ಈಗ ಪರೀಕ್ಷೆ. ಬೆಳಿಗ್ಗೆ ಕಿಟಕಿ ಹತ್ತಿರ, ಹಗಲು ಬೆಳಕಲ್ಲಿ ಕನ್ನಡಿ ಹಿಡಿದು ನಿಲ್ಲಿ. ಬಾತ್‌ರೂಮಿನ ಹಳದಿ ಬಲ್ಬಿನಲ್ಲಿ ಇದು ಕಾಣಲ್ಲ. ಮೇಲಿನ ತುಟಿಯನ್ನು ಎರಡು ಬೆರಳಲ್ಲಿ ಎತ್ತಿ, ಮುಂದಿನ ಹಲ್ಲುಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಹಲ್ಲು ವಸಡು ಸೇರುವ ಕಡೆ ಸುಣ್ಣ ಬಳಿದಂತೆ, ಹೊಳಪಿಲ್ಲದ ಬಿಳಿ ಗೆರೆ ಇದೆಯಾ ನೋಡಿ. ಇದ್ದರೆ ಎನಾಮಲ್ ಅಲ್ಲಿ ಮೆತ್ತಗಾಗಲು ಶುರುವಾಗಿದೆ ಅಂತ. ಇನ್ನೂ ತೂತು ಬಿದ್ದಿಲ್ಲ, ಫ್ಲೋರೈಡ್‌ನಿಂದ ಸರಿಪಡಿಸಬಹುದಾದ ಹಂತ ಇದು. ಇಲ್ಲೇ ಹಿಡಿದರೆ ಡ್ರಿಲ್ಲಿಂಗ್, ಫಿಲ್ಲಿಂಗ್, ರೂಟ್ ಕೆನಾಲ್ ಅಂತ ಅಲೆಯುವುದು ತಪ್ಪುತ್ತದೆ. ಮುಂದಿನ ಹಲ್ಲುಗಳ ಕಚ್ಚುವ ಅಂಚನ್ನೂ ನೋಡಿ, ಸಾಮಾನ್ಯವಾಗಿ ಅಲ್ಲಿ ಹುಳುಕು ಬರುವುದಿಲ್ಲ, ವೇಪ್ ಎಳೆಯುವವರಲ್ಲಿ ಅಂಥ ಜಾಗದಲ್ಲೂ ಕಂಡಿದೆ. ಆಮೇಲೆ ವಸಡಿನ ಬಣ್ಣ. ಬಿಗಿಯಾಗಿ, ಹಲ್ಲಿಗೆ ಅಂಟಿಕೊಂಡಿದ್ದರೆ ಚೆನ್ನ. ಊದಿಕೊಂಡಿದ್ದರೆ, ತೀರಾ ಬಿಳಿಚಿಕೊಂಡಿದ್ದರೆ, ಹಲ್ಲು ಮೊದಲಿಗಿಂತ ಉದ್ದ ಕಾಣುತ್ತಿದ್ದರೆ ಗಮನಿಸಿ. ಕೊನೆಗೆ ಹಿಂದಿನ ದವಡೆ ಹಲ್ಲುಗಳ ಸಂದಿಯಲ್ಲಿ ಫ್ಲಾಸ್ ದಾರ ಎಳೆದು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಬ್ರಶ್ ಅಲ್ಲಿಗೆ ಮುಟ್ಟುತ್ತಿಲ್ಲ.

ದಿನದ ಅಭ್ಯಾಸಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ರಾತ್ರಿಯದು. ತುಂಬಾ ಜನ ಬ್ರಶ್ ಮಾಡಿ, ಹಾಸಿಗೆಯಲ್ಲಿ ಮಲಗಿ ಮೊಬೈಲ್ ನೋಡುತ್ತಾ ಕೊನೆಯ ನಾಲ್ಕು ಪಫ್ ಎಳೆಯುತ್ತಾರೆ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ, ಆ ಸಿಹಿ ಅಂಟು ಇಡೀ ರಾತ್ರಿ ಹಲ್ಲಿನ ಮೇಲೆ ಹಾಗೇ ಕೂತಿರುತ್ತದೆ. ಎಳೆಯಲೇಬೇಕಿದ್ದರೆ ಬ್ರಶ್‌ಗೆ ಮೊದಲು ಎಳೆಯಿರಿ, ಬಾಯಿ ಮುಕ್ಕಳಿಸಿ, ಆಮೇಲೆ ಬ್ರಶ್. ಬ್ರಶ್ ಆದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಈ ಒಂದನ್ನಾದರೂ ಇವತ್ತಿನಿಂದಲೇ ಮಾಡಿ.

ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ಪ್ಯಾಕ್ ಹಿಂದೆ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಆಸುಪಾಸು ಅಂತ ಇರಬೇಕು. ಗಿಡಮೂಲಿಕೆ ಪೇಸ್ಟ್‌ಗಳಲ್ಲಿ ಹಲವಕ್ಕೆ ಫ್ಲೋರೈಡ್ ಇರುವುದೇ ಇಲ್ಲ, ಓದಿ ತಗೊಳ್ಳಿ. ಸಾಫ್ಟ್ ಬ್ರಶ್ ಅನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ಎರಡು ನಿಮಿಷ, ದಿನಕ್ಕೆ ಎರಡು ಸಲ. ಮುಗಿದ ಮೇಲೆ ನೊರೆ ಉಗಿಯಿರಿ, ಆದರೆ ನಮಗೆಲ್ಲ ರೂಢಿಯಿರುವ ಹಾಗೆ ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸಬೇಡಿ, ಹಾಗೆ ಮಾಡಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಎಲ್ಲ ಬೇಸಿನ್ ಪಾಲಾಗುತ್ತದೆ.

ಹಗಲಲ್ಲಿ ಎಳೆದ ಪ್ರತಿ ಸಲವೂ ಒಂದು ಗುಟುಕು ನೀರು ಬಾಯಲ್ಲಿ ತಿರುಗಿಸಿ ನುಂಗಿ. ಬಾಯಾರಿಕೆಗೆ ಕೋಲಾ, ಎನರ್ಜಿ ಡ್ರಿಂಕ್ ಕುಡಿಯುವುದು ಕೆಟ್ಟ ಜೋಡಿ, ಒಣಗಿದ ಬಾಯಿಗೆ ಆಮ್ಲವೂ ಸಕ್ಕರೆಯೂ ಒಟ್ಟಿಗೆ ಬೀಳುತ್ತವೆ. ಮನೆಯವರಿಗೆ ಗೊತ್ತಾಗಬಾರದು ಅಂತ ಪೆಪ್ಪರ್‌ಮಿಂಟ್ ಚೀಪುವುದೂ ಹಾಗೆಯೇ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಒಳ್ಳೆಯದು, ಜೊಲ್ಲು ಬರಿಸುತ್ತದೆ. ಮೌತ್‌ವಾಶ್ ಬೇಕೇ ಬೇಕು ಅಂದರೆ ಆಲ್ಕೋಹಾಲ್ ಇಲ್ಲದ್ದು. ಕ್ಲೋರ್‌ಹೆಕ್ಸಿಡಿನ್ ಅನ್ನುವ ರೋಗಾಣುನಾಶಕ ಇರುವುದನ್ನು ಮೆಡಿಕಲ್ ಶಾಪಿಂದ ತಂದು ಸುಮ್ನೆ ತಿಂಗಳುಗಟ್ಟಲೆ ಬಳಸಬೇಡಿ, ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಡೆಂಟಿಸ್ಟ್ ಹತ್ತಿರ ಹೋದಾಗ ವೇಪ್ ಎಳೆಯುತ್ತೇನೆ ಅಂತ ಬಾಯಿಬಿಟ್ಟು ಹೇಳಿ. 'ಸಿಗರೇಟ್ ಸೇದ್ತೀರಾ' ಅಂತ ಕೇಳಿದರೆ ಎಷ್ಟೋ ಜನ 'ಇಲ್ಲ' ಅಂದುಬಿಡುತ್ತಾರೆ, ಸುಳ್ಳೇನಲ್ಲ, ಆದರೆ ಡಾಕ್ಟರ್ ಬರೆದುಕೊಳ್ಳುವುದು ತಪ್ಪಾಗುತ್ತದೆ. ಹೇಳಲು ಹೆದರುವುದಕ್ಕೂ ಕಾರಣ ಇದೆ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟ್ ಮಾರಾಟಕ್ಕೆ ನಿಷೇಧ ಬಂತು, 2019ರಲ್ಲಿ ದೇಶಕ್ಕೆಲ್ಲ ಕಾಯ್ದೆಯಾಯಿತು. ಆದರೆ ಆ ಕಾಯ್ದೆ ಹಿಡಿಯುವುದು ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತನ್ನು. ಕ್ಲಿನಿಕ್‌ನಲ್ಲಿ ನಿಮ್ಮನ್ನು ಕೇಳುವುದು ಚಿಕಿತ್ಸೆಗಾಗಿ, ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ. 'ವಸಡಿನ ಪಾಕೆಟ್ ಅಳೆದು ನೋಡಿ' ಅಂತ ನೀವಾಗಿಯೇ ಕೇಳಿ. ಸಣ್ಣ ಕಡ್ಡಿಯಂಥ ಸಾಧನವನ್ನು ಹಲ್ಲು ವಸಡಿನ ನಡುವೆ ಇಳಿಸಿ ಆಳ ನೋಡುತ್ತಾರೆ, 3 ಮಿಲಿಮೀಟರ್‌ವರೆಗೆ ಸರಿ, 4 ದಾಟಿದರೆ ಚಿಕಿತ್ಸೆ ಬೇಕಾಗಬಹುದು. ರಕ್ತ ಬರದವರಿಗೆ ನಿಜ ಹೇಳುವುದು ಈ ಅಳತೆಯೇ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಅದು ಹಾಗಲ್ಲ, ಮೂಳೆ ಮೊದಲೇ ಸವೆದಿರುತ್ತದೆ, ಗಟ್ಟಿಯಾದ ಪಾಚಿ ಅದನ್ನು ಮುಚ್ಚಿಟ್ಟಿರುತ್ತದೆ ಅಷ್ಟೇ. ವರ್ಷಕ್ಕೊಮ್ಮೆ ಸಾಕು ಅನ್ನುವವರಿಗಿಂತ ನೀವು ಬೇಗ ಬೇಗ ಹೋಗಬೇಕು, ಎಷ್ಟು ತಿಂಗಳಿಗೆ ಅಂತ ಅವರನ್ನೇ ಕೇಳಿ.

ಹಲ್ಲು ಕೀಳಿಸುವವರು, ಅದರಲ್ಲೂ ಕೆಳಗಿನ ಬುದ್ಧಿ ಹಲ್ಲು ತೆಗೆಸುವವರು ಇದನ್ನು ಎರಡು ಸಲ ಓದಿ. ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು, ಆ ಹೆಪ್ಪೇ ಮೂಳೆಗೆ ಹೊದಿಕೆ. ವೇಪ್ ಹೀರುವ ಎಳೆತಕ್ಕೆ ಅದು ಕಿತ್ತು ಬರಬಹುದು. ಸ್ಟ್ರಾ ಹಾಕಿ ಕುಡಿಯಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಹೆಪ್ಪು ಕಿತ್ತು ಬಂದರೆ ಮೂರು ದಿನದ ಹೊತ್ತಿಗೆ ಕಿವಿವರೆಗೆ ಎಳೆಯುವ ನೋವು ಶುರುವಾಗುತ್ತದೆ, ಮಾತ್ರೆಗೂ ಜಗ್ಗಲ್ಲ. ಕನಿಷ್ಠ 72 ಗಂಟೆ ಮುಟ್ಟಬೇಡಿ, ನಿಕೋಟಿನ್ ಇಲ್ಲದ ವೇಪ್ ಕೂಡ ಬೇಡ. ಇಂಪ್ಲಾಂಟ್, ಅಂದರೆ ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು, ಹಾಕಿಸುವವರು ಇನ್ನೂ ಹೆಚ್ಚು ಕಾಲ ದೂರ ಇರಬೇಕು, ನಿಕೋಟಿನ್ ಇದ್ದರೆ ಮೂಳೆ ಕೂಡಿಕೊಳ್ಳುವುದು ನಿಧಾನ.

ಬಿಡಲು ಮನಸ್ಸು ಮಾಡಿದವರಿಗೆ ಉಚಿತ ಸಹಾಯವಾಣಿ ಇದೆ, 1800 11 2356. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಮಾತಾಡಬಹುದು. ನಿಕೋಟಿನ್ ಗಮ್ ತಗೊಂಡರೆ ಸಾಮಾನ್ಯ ಗಮ್ ಥರ ಜಗಿಯುತ್ತಲೇ ಇರಬೇಡಿ. ಬಾಯಲ್ಲಿ ಚುರುಚುರು ಅನ್ನಿಸುವವರೆಗೆ ಜಗಿದು ಕೆನ್ನೆ ಪಕ್ಕ ಇಟ್ಟುಕೊಳ್ಳಿ, ಚುರುಚುರು ಇಳಿದ ಮೇಲೆ ಮತ್ತೆ ಜಗಿಯಿರಿ, ಅರ್ಧ ಗಂಟೆಗೆ ಉಗಿಯಿರಿ. ಅದಕ್ಕೆ ಹದಿನೈದು ನಿಮಿಷ ಮೊದಲು ಕಾಫಿ, ಜ್ಯೂಸ್ ಬೇಡ, ನಿಕೋಟಿನ್ ಸರಿಯಾಗಿ ಹೀರಿಕೊಳ್ಳಲ್ಲ.

ಬಿಟ್ಟ ಮೇಲೆ ಕೆಲವರಿಗೆ ಬ್ರಶ್ ಮಾಡುವಾಗ ರಕ್ತ ಬರಲು ಶುರುವಾಗುತ್ತದೆ, ಬಾಯಿ ಹುಣ್ಣೂ ಆಗುತ್ತದೆ. 'ಎಳೀತಿದ್ದಾಗಲೇ ಚೆನ್ನಾಗಿತ್ತು' ಅಂತ ವಾಪಸ್ ಹೋಗಬೇಡಿ. ವಸಡಿಗೆ ರಕ್ತ ಮತ್ತೆ ಸರಿಯಾಗಿ ಹರಿಯುತ್ತಿದೆ, ಇಷ್ಟು ದಿನ ಮುಚ್ಚಿದ್ದ ಊತ ಈಗ ಹೊರಗೆ ಕಾಣುತ್ತಿದೆ. ಆ ಜಾಗದಲ್ಲಿ ಬ್ರಶ್ ಮಾಡುವುದನ್ನು ನಿಲ್ಲಿಸದೆ ಮೆಲ್ಲಗೆ ಮಾಡಿ, ಒಂದು ಸಲ ಕ್ಲೀನಿಂಗ್ ಮಾಡಿಸಿ. ಹುಣ್ಣಾಗಲಿ, ಬಿಳಿ ಅಥವಾ ಕೆಂಪು ಮಚ್ಚೆಯಾಗಲಿ ಎರಡು ವಾರ ಕಳೆದರೂ ಹೋಗದಿದ್ದರೆ ನೋವಿಲ್ಲದಿದ್ದರೂ ಹೋಗಿ ತೋರಿಸಿ.